ಹಕ್ಕಿಗೂ ಸರ್ವೆ

ಸವಳಂಗದ ಕೆರೆ ಏರಿಯ ಮೇಲೆ ಬೈನಾಕ್ಯುಲರ್ ಹಿಡಿದು ನಿಂತಿದ್ದೆ. ಎಮ್ಮೆ ಹೊಡೆದುಕೊಂಡು ಬಂದ ಅಜ್ಜರೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸರ್ವೆಯವ್ರೇನವ್ವಾ?" ಎಂದರು. ಅಲ್ಲಜ್ಜ, ಹಕ್ಕಿ ನೋಡ್ತಿದೀನಿ ಎಂದೆ. ನಂಬಿಕೆ ಬಂದಂತೆ ಕಾಣಲಿಲ್ಲ. "ಹಕ್ಕಿಗೂ ಸರ್ವೆ ಐತಾ?" ಎಂದು ನಕ್ಕರು. ಬಗರ್‌ಹುಕುಂ ಅರ್ಜಿ ಕೊಟ್ಟು ವರ್ಷಗಟ್ಟಲೆ ಕಾಯುವ ಜನಕ್ಕೆ, ಕಣ್ಣಿಗೆ ಯಂತ್ರ ಹಚ್ಚಿಕೊಂಡು ಕಾಡಂಚನ್ನು ದಿಟ್ಟಿಸುವವರ ಮೇಲೆ ಅನುಮಾನ ಬರುವುದು ಸಹಜವೇ. ಆದರೆ ಅಜ್ಜ ತಮಾಷೆಗೆ ಕೇಳಿದ ಪ್ರಶ್ನೆಗೆ ಚರಿತ್ರೆಯಲ್ಲಿ ನಿಜವಾದ ಉತ್ತರವೇ ಇದೆ. ಹೌದು, ಹಕ್ಕಿಗೂ ಸರ್ವೆ ಆಗಿತ್ತು.

1939–40ರಲ್ಲಿ ಮೈಸೂರು ಸಂಸ್ಥಾನದ ಆಶ್ರಯದಲ್ಲಿ ಸಲೀಂ ಅಲಿ ಇಲ್ಲಿನ ಹಕ್ಕಿಗಳ ಸರ್ವೆ ನಡೆಸಿದರು. ಅದಕ್ಕೂ ಮೊದಲು ಹೈದರಾಬಾದ್ ಸಂಸ್ಥಾನದಲ್ಲಿ, ಆಮೇಲೆ ತಿರುವಾಂಕೂರು–ಕೊಚ್ಚಿಯಲ್ಲಿ ಅವರು ಇದೇ ಕೆಲಸ ಮಾಡಿದ್ದರು. ಮೈಸೂರಿನ ವರದಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 1942–43ರಲ್ಲಿ ಕಂತುಕಂತಾಗಿ ಅಚ್ಚಾಯಿತು. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದದ್ದು ಅವರ ಸಲಹೆಯಿಂದಲೇ ಎನ್ನುವುದು ಶಾಲಾ ಪ್ರವಾಸಕ್ಕೆ ಹೋದ ಮಕ್ಕಳಿಗೂ ಗೊತ್ತು. ಅದೇ ಸರ್ವೆಯಲ್ಲಿ ಹಕ್ಕಿಗಳನ್ನು ಕೋವಿಯಿಂದ ಹೊಡೆದು, ಚರ್ಮ ಸುಲಿದು, ಹತ್ತಿ ತುಂಬಿ, ಕಾಲಿಗೆ ಚೀಟಿ ಕಟ್ಟಿ ಇಡುತ್ತಿದ್ದರು ಎನ್ನುವುದನ್ನು ಮಾತ್ರ ನಾವು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ. ಇದು ಸಲೀಂ ಅಲಿಯವರ ಮೇಲಿನ ದೂರಲ್ಲ. ಆ ಕಾಲದಲ್ಲಿ ಪುರಾವೆ ಎಂದರೆ ಚರ್ಮವೇ. ಚರ್ಮಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಆ ಚೀಟಿ: ಊರು, ತಾರೀಖು, ಗಂಡೋ ಹೆಣ್ಣೋ.

ಚರಿತ್ರೆಯ ವಿದ್ಯಾರ್ಥಿಗೆ ತಲೆನೋವು ಶುರುವಾಗುವುದು ಊರಿನ ಕಾಲಂನಲ್ಲಿ. ಆಗಿನ ದಾಖಲೆಯಲ್ಲಿ 'ಶಿವಮೊಗ್ಗ ಜಿಲ್ಲೆ' ಎಂದಿದ್ದರೆ ಅದರೊಳಗೆ ಹೊನ್ನಾಳಿ, ಚನ್ನಗಿರಿಗಳೂ ಸೇರಿವೆ. ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು. 1997ರಲ್ಲಿ ಈ ಮೂರನ್ನೂ ಕಿತ್ತು ದಾವಣಗೆರೆ ಜಿಲ್ಲೆಗೆ ಕೊಟ್ಟರು. ಆಮೇಲೆ ಹೊನ್ನಾಳಿಯಿಂದ ನ್ಯಾಮತಿ ಬೇರೆಯಾಗಿ, ಸವಳಂಗ ಅದರ ಪಾಲಾಯಿತು. ಮೊಬೈಲಿನಲ್ಲಿ ಇಂದು ಹಕ್ಕಿಪಟ್ಟಿ ದಾಖಲಿಸುವ ಹುಡುಗ 'ದಾವಣಗೆರೆ ಜಿಲ್ಲೆಯಲ್ಲಿ ಮೊದಲ ಸಲ' ಎಂದು ಬರೆದರೆ ಅದು ಸುಳ್ಳಲ್ಲ. ಆದರೆ ಜಿಲ್ಲೆಯೇ ನನ್ನ ವಯಸ್ಸಿನದು.

ಆಗಿನ ಗಡಿಗಳದ್ದು ಇನ್ನೊಂದು ಕತೆ. ಸಂಸ್ಥಾನದ ಸರ್ವೆ ಸಂಸ್ಥಾನದ ಗಡಿಗೇ ನಿಂತಿತು. ಘಟ್ಟದ ಕಾಡು ದಟ್ಟವಾಗಿದ್ದ ಉತ್ತರ ಕನ್ನಡ ಆಗ ಬಾಂಬೆ ಪ್ರಾಂತ್ಯದಲ್ಲಿತ್ತು. ಅಲ್ಲಿ ಕಲೆಕ್ಟರ್ ಆಗಿದ್ದ ಜೆ. ಡೇವಿಡ್‌ಸನ್ 1898ರಷ್ಟು ಹಿಂದೆಯೇ ಆ ಜಿಲ್ಲೆಯ ಹಕ್ಕಿಗಳ ಬಗ್ಗೆ ಅದೇ ಸೊಸೈಟಿಯ ಪತ್ರಿಕೆಯಲ್ಲಿ ಬರೆದಿದ್ದರು. ಬಳ್ಳಾರಿ ಮದ್ರಾಸಿನದು, ಕೊಡಗು ಬೇರೆಯೇ. ಹಾಗಾಗಿ ಕರ್ನಾಟಕದ ಹಕ್ಕಿಗಳ ಹಳೆಯ ಚರಿತ್ರೆ ಒಂದೇ ಪುಸ್ತಕದಲ್ಲಿ ಸಿಗುವುದಿಲ್ಲ, ಮೂರ್ನಾಲ್ಕು ಆಡಳಿತಗಳ ಕಪಾಟುಗಳಲ್ಲಿ ಹಂಚಿಹೋಗಿದೆ.

'ಎಂಡೆಮಿಕ್' ಎನ್ನುವ ಮಾತಿಗೆ ಅರ್ಥವಿಷ್ಟೇ: ಆ ನೆಲ ಬಿಟ್ಟರೆ ಬೇರೆಲ್ಲೂ ಇಲ್ಲದ್ದು. ಮಲಬಾರ್ ಬೂದು ಮಂಗಟ್ಟೆ ಅಂಥದ್ದು, ಪಶ್ಚಿಮ ಘಟ್ಟದ ಸಾಲು ಬಿಟ್ಟರೆ ಅದಕ್ಕೆ ಮನೆಯಿಲ್ಲ. ಇಂಥವನ್ನು ಹುಡುಕುವವರು ಸವಳಂಗದಲ್ಲಿ ಬಸ್ಸು ಇಳಿಯುವುದಿಲ್ಲ, ಆಗುಂಬೆಗೋ ದಾಂಡೇಲಿಗೋ ಹೋಗುತ್ತಾರೆ. ಮಳೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರು ದಾಟುವ ಆಗುಂಬೆಯ ಕಡೆಯಿಂದ, ಮೋಡ ನೋಡಿ ಬಿತ್ತುವ ಜಗಳೂರಿನ ಕಡೆಗೆ ನೆಲ ಒಣಗುತ್ತಾ ಹೋಗುವ ದಾರಿಯಲ್ಲಿ ನಮ್ಮೂರು ನಡುವೆ ಸಿಗುತ್ತದೆ. ನೋಡುವವರ ಕಣ್ಣು ಮಾತ್ರ ಯಾವಾಗಲೂ ಪಡುವಣಕ್ಕೆ.

ಮೂಡಲಲ್ಲಿ ಏನಿದೆ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಟಿ.ಸಿ. ಜೆರ್ಡನ್‌ನನ್ನು ನೆನೆಯಬೇಕು. ಮದ್ರಾಸ್ ಸೇನೆಯ ಈ ವೈದ್ಯ 1840ರ ದಶಕದಲ್ಲಿ ಹಳದಿ ಕೊರಳಿನ ಪಿಕಳಾರವನ್ನು ವಿಜ್ಞಾನಕ್ಕೆ ಪರಿಚಯಿಸಿದ. ದಕ್ಷಿಣದ ಬಂಡೆಗುಡ್ಡಗಳ ಕುರುಚಲು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಈ ಹಕ್ಕಿ ಇಲ್ಲ. ನಂದಿಬೆಟ್ಟದಲ್ಲಿ ಕಾಣುತ್ತದೆ, ಸೆಲ್ಫಿಯ ಗದ್ದಲದಲ್ಲಿ ಯಾರೂ ನೋಡುವುದಿಲ್ಲ ಅಷ್ಟೆ. ಜೆರ್ಡನ್ ಹೆಸರನ್ನೇ ಹೊತ್ತ ಇನ್ನೊಂದು ಹಕ್ಕಿ, ಜೆರ್ಡನ್ಸ್ ಕೋರ್ಸರ್, ರಾತ್ರಿ ಓಡಾಡುವಂಥದು. 1900ರಲ್ಲಿ ಅನಂತಪುರದ ಬಳಿ ಕಂಡದ್ದೇ ಕೊನೆ, ಆಮೇಲೆ ಪತ್ತೆಯಿಲ್ಲ. ಅಳಿದೇ ಹೋಯಿತು ಎಂದುಕೊಂಡಿದ್ದಾಗ, 1986ರ ಜನವರಿಯಲ್ಲಿ ಭರತ್ ಭೂಷಣ್ ಅವರ ಹುಡುಕಾಟದಿಂದ ಕಡಪ ಜಿಲ್ಲೆಯ ಕುರುಚಲಿನಲ್ಲಿ ಮತ್ತೆ ಸಿಕ್ಕಿತು. ಹಿಡಿದುಕೊಟ್ಟದ್ದು ಅಲ್ಲಿನ ಬೇಟೆ ಬಲ್ಲ ಹಳ್ಳಿಯವರು. ಅವರಿಗದು 'ಕಲಿವಿ ಕೋಡಿ', ಕಳೆದುಹೋದ ಹಕ್ಕಿಯೇ ಅಲ್ಲ. ಸಿಕ್ಕ ಆ ಒಂದು ಹಕ್ಕಿ ಬದುಕಲಿಲ್ಲ, ಮತ್ತೆ ಚರ್ಮವಾಗಿ ಸೊಸೈಟಿಯ ಪೆಟ್ಟಿಗೆ ಸೇರಿತು. ಎಂಬತ್ತಾರು ವರ್ಷ 'ಇಲ್ಲ' ಎಂದು ಬರೆದವರು ಯಾರನ್ನು ಕೇಳಿ ಬರೆದರು? ನನ್ನ ಅಧ್ಯಯನ ಹೆಚ್ಚುಕಡಿಮೆ ಈ ಪ್ರಶ್ನೆಯ ಸುತ್ತಲೇ ಸುತ್ತುತ್ತಿದೆ.

ಕುರುಚಲನ್ನು ಕಾಡೆಂದು ಒಪ್ಪಿಕೊಳ್ಳುವುದಕ್ಕೆ ನಮ್ಮ ಕಾಗದಗಳಿಗೆ ಬಹಳ ಕಾಲ ಹಿಡಿಯಿತು. ಕಂದಾಯದ ಭಾಷೆಯಲ್ಲಿ ಅದು ಖರಾಬು, ಬೀಳು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ವನ್ಯಧಾಮವಾದದ್ದು 2011ರಲ್ಲಿ, ಅದೂ ಕೊಂಡುಕುರಿಯ ಪುಣ್ಯದಿಂದ. ನಾಲ್ಕು ಕೊಂಬಿನ ಆ ಪ್ರಾಣಿ ಇಲ್ಲದಿದ್ದರೆ ಆ ಮುಳ್ಳುಪೊದೆಗೆ ಯಾರು ಬೇಲಿ ಹಾಕುತ್ತಿದ್ದರು? ಬೇಲಿ ಬಂದ ಕಡೆ ಕುರಿಗಾಹಿಗಳ ದಾರಿ ಏನಾಯಿತು ಎಂದೂ ಕೇಳಬೇಕು. ಅಜ್ಜನ ಅನುಮಾನದ ಬೇರು ಅಲ್ಲೇ ಇದೆ, ಅದನ್ನು ನಾನು ತಮಾಷೆ ಎಂದು ತಳ್ಳಿಹಾಕಲಾರೆ.

ಅಷ್ಟರಲ್ಲಿ ಕೆರೆಯಾಚೆಯ ಕುರುಚಲಿನಿಂದ ಕೂಗು ಕೇಳಿಸಿತು. ನಾನು ಬೈನಾಕ್ಯುಲರ್ ಎತ್ತುವ ಮೊದಲೇ ಅಜ್ಜ, "ಗೌಜಲಕ್ಕಿ. ಜೋಡಿ ಐತೆ. ಹೋದ್ವರ್ಷ ಈ ಕಡೆ ಇದ್ವು, ಜೆಸಿಬಿ ಬಂದ್ಮೇಲೆ ಆ ಕಡೆ ಹೋದ್ವು" ಎಂದರು. ಗೌಜಲಹಕ್ಕಿ ಅಪರೂಪದ್ದೇನಲ್ಲ, ಯಾರೂ ಅದಕ್ಕಾಗಿ ಬಸ್ಸು ಹತ್ತಿ ಬರುವುದಿಲ್ಲ. ಆದರೂ ನೋಟ್‌ಬುಕ್ ತೆಗೆದು ಬರೆದುಕೊಂಡೆ. ಅಜ್ಜ ಬಗ್ಗಿ ನೋಡಿ, "ಸರ್ವೆ ನಂಬರ್ ಬರದ್ಯಾ?" ಎಂದು ಕೇಳಿದರು. ಇಲ್ಲ ಎಂದೆ. ಎಮ್ಮೆಗಳು ಆಗಲೇ ನೀರಿಗಿಳಿದಿದ್ದವು.