ಗೋವೆಯ ಮರಳಿನ ಲೆಕ್ಕ

ನಮ್ಮ ಸಂಘದ ಸದಸ್ಯರಲ್ಲಿ ಗೋವೆಯ ಕಡಲದಂಡೆಯನ್ನು ಒಮ್ಮೆಯಾದರೂ ಕಾಣದವರು ಇಂದು ವಿರಳ. ಮುಂಬಯಿಯಲ್ಲಿ ರಾತ್ರಿ ರೈಲು ಹತ್ತಿದರೆ ಮರುದಿನ ಮಧ್ಯಾಹ್ನದೊಳಗೆ ಮಡಗಾಂವ್ ಬರುತ್ತದೆ. ಬ್ಯಾಂಕು ಕೊಡುವ ಪ್ರಯಾಣ ಭತ್ಯೆಯ ಮೇಲೆ ನಾನೂ ಕುಟುಂಬಸಮೇತ ಹೋಗಿ ಬಂದವನೇ. ಆದರೆ ಲೆಕ್ಕ ಬರೆಯುವುದೇ ವೃತ್ತಿಯಾದವನಿಗೆ ಸಮುದ್ರದ ಮುಂದೆ ಕುಳಿತರೂ ಲೆಕ್ಕವೇ ಹೊಳೆಯುತ್ತದೆ. ಈ ಮರಳಿಗೆ ಬೆಲೆ ಬಂದದ್ದು ಯಾವಾಗ? ಆ ಬೆಲೆ ಯಾರ ಖಾತೆಗೆ ಜಮೆಯಾಯಿತು, ಯಾರ ಖಾತೆಗೆ ಖರ್ಚು ಬಿತ್ತು? ಇದನ್ನು ತಿಳಿದಮಟ್ಟಿಗೆ ಬರೆಯುತ್ತೇನೆ. ವಾಚಕರು ಇದನ್ನು ಪಂಡಿತರ ಪ್ರಬಂಧವೆಂದು ತಿಳಿಯಬಾರದಾಗಿ ಪ್ರಾರ್ಥನೆ.

ಹಿಂದೆ ಗೋವೆಯಲ್ಲಿ ಬೆಲೆಯಿದ್ದುದು ಗದ್ದೆಗೆ ಮತ್ತು ತೆಂಗಿಗೆ, ಮರಳಿಗಲ್ಲ. ಊರಿನ ಭೂಮಿಯನ್ನು ಮೂಲ ಕುಟುಂಬಗಳು ಕೂಡಿ ನಡೆಸುವ ಗಾಂವ್ಕರಿ ಪದ್ಧತಿ ಪೋರ್ತುಗೀಜರಿಗಿಂತ ಹಿಂದಿನದು. ಅವರು ಅದನ್ನು ಕಿತ್ತೊಗೆಯಲಿಲ್ಲ. ೧೫೨೬ರಲ್ಲಿ ಅದರ ರೂಢಿಗಳನ್ನು ಬರೆಯಿಸಿ ಸನ್ನದಿನ ರೂಪ ಕೊಟ್ಟರು. ಮುಂದೆ ಅದಕ್ಕೆ ಕೊಮುನಿದಾದ್ ಎಂಬ ಹೆಸರು ನಿಂತಿತು. ಗದ್ದೆಗಳನ್ನು ಹರಾಜಿನಲ್ಲಿ ಗೇಣಿಗೆ ಕೊಟ್ಟು, ಊರಿನ ಖರ್ಚು ಕಳೆದು ಉಳಿದದ್ದನ್ನು ಪಾಲುದಾರರಿಗೆ ಹಂಚುವುದು ಅದರ ಕ್ರಮ. ನಮ್ಮ ಸಹಕಾರಿ ಸಂಘಗಳ ಲಾಭಾಂಶದಂತೆಯೇ ಸರಿ. ಕಡಲಿಗೆ ತೀರ ಹತ್ತಿರದ ಮರಳುದಿಬ್ಬಗಳಲ್ಲಿ ವಾಸಿಸಿದವರು ಮೀನುಗಾರರು. ಅವರಲ್ಲಿ ಅನೇಕರ ಗುಡಿಸಲು ನಿಂತದ್ದು ಭಾಟ್ಕಾರನೆಂಬ ಒಡೆಯನ ತೆಂಗಿನ ತೋಟದಲ್ಲಿ. ಹಾಗೆ ನಿಂತವನಿಗೆ ಮುಂಡ್ಕಾರನೆಂದು ಹೆಸರು. ಏಳೆಂದರೆ ಏಳಬೇಕಾಗಿದ್ದ ಈ ಮುಂಡ್ಕಾರನಿಗೆ ಶಾಸನದ ಆಸರೆ ದೊರೆತದ್ದು ೧೯೭೫ರಲ್ಲಿ.

ಹಾಗೆಂದು ಸಮುದ್ರಕ್ಕೆ ಹವೆ ಬದಲಾಯಿಸಲು ಹೋಗುವ ಪದ್ಧತಿ ಹೊಸದೆಂದು ತಿಳಿಯುವಂತಿಲ್ಲ. ಗೋವೆಯವರೇ ವೈಶಾಖದ ಬಿಸಿಲಿನಲ್ಲಿ, ಮೇ ತಿಂಗಳಲ್ಲಿ, ಒಳನಾಡಿನಿಂದ ಕಲಂಗೂಟ, ಕೊಳ್ವೆ ಮೊದಲಾದ ಕಡಲೂರುಗಳಿಗೆ ಸಂಸಾರಸಹಿತ ಬರುತ್ತಿದ್ದರು. ಇದಕ್ಕೆ ಮುದಾಂಸ ಎನ್ನುವುದುಂಟು. ಪೋರ್ತುಗೀಜಿನಲ್ಲಿ ಈ ಮಾತಿಗೆ ಬದಲಾವಣೆ ಎಂದೇ ಅರ್ಥ. ಮನೆಯೊಂದನ್ನು ಬಾಡಿಗೆಗೆ ಹಿಡಿದು, ಅಕ್ಕಿ ಪಾತ್ರೆಗಳನ್ನು ಹೊತ್ತುತಂದು, ಮೈಕೈ ನೋವಿಗೆ ಉಪ್ಪುನೀರಿನ ಸ್ನಾನ ಮಾಡಿ ಹೋಗುವರು. ಮಳೆ ಬೀಳುವ ಮೊದಲು ಎಲ್ಲರೂ ಊರಿಗೆ. ಮರಳು ಮತ್ತೆ ಬಲೆ ಒಣಗಿಸುವವರ ಪಾಲಿಗೆ.

೧೯೬೧ರ ಡಿಸೆಂಬರ್ ೧೯ರಂದು ಗೋವೆ ಬಿಡುಗಡೆಯಾಯಿತು. ಆ ದಶಕದ ಕೊನೆಗೆ ಪಶ್ಚಿಮದ ಹಿಪ್ಪಿಗಳು ಬಂದು ಕಲಂಗೂಟ, ಬಾಗಾಗಳಲ್ಲಿಯೂ ಅನಂತರ ಹಂಜುಣೆಯಲ್ಲಿಯೂ ಬೀಡುಬಿಟ್ಟರು. ಅವರ ಗಾಂಜಾ ಮತ್ತು ಬೆತ್ತಲೆಯ ವಿಚಾರವಾಗಿ ಬೇಕಾದಷ್ಟು ಬರೆದಾಗಿದೆ. ಅದನ್ನು ನಾನು ಮತ್ತೆ ಹೇಳಬೇಕಾಗಿಲ್ಲ. ಲೆಕ್ಕದ ದೃಷ್ಟಿಯಿಂದ ಮುಖ್ಯವಾದದ್ದು ಬೇರೆ. ಅವರು ಹಣ ಕೊಟ್ಟದ್ದು ಮೀನುಗಾರನ ಮನೆಯ ಒಂದು ಕೋಣೆಗೆ, ಅವನ ಹೆಂಡತಿ ಬೇಯಿಸಿದ ಅನ್ನ ಮೀನಿಗೆ. ಮೊತ್ತ ಚಿಕ್ಕದು, ಆದರೆ ಅದು ಬಿದ್ದದ್ದು ಮರಳಿನ ಮೇಲಿದ್ದವನ ಕೈಗೆ.

ದೊಡ್ಡ ಮೊತ್ತ ಬಂದದ್ದು ಬೇರೆ ದಾರಿಯಿಂದ. ಮಾಂಡವಿಯ ಮುಖದಲ್ಲಿ ಅಗ್ವಾದ ಎಂಬ ಕೋಟೆಯಿದೆ, ೧೬೧೨ರಲ್ಲಿ ಮುಗಿದದ್ದು. ಅಲ್ಲಿ ಹಡಗುಗಳು ಸಿಹಿನೀರು ತುಂಬಿಕೊಳ್ಳುತ್ತಿದ್ದುದರಿಂದ ಆ ಹೆಸರು. ೧೯೭೪ರಲ್ಲಿ ತಾಜ್ ಸಂಸ್ಥೆ ಈ ಕೋಟೆಯ ಆವರಣದಲ್ಲಿಯೇ ಹೋಟೆಲು ತೆರೆಯಿತು. ೧೯೮೩ರ ನವೆಂಬರಿನಲ್ಲಿ ದಿಲ್ಲಿಯಲ್ಲಿ ಕಾಮನ್‌ವೆಲ್ತ್ ಸಮ್ಮೇಳನ ಸೇರಿದಾಗ, ಸರ್ಕಾರಗಳ ಮುಖ್ಯಸ್ಥರನ್ನು ವಿಶ್ರಾಂತಿಗೆಂದು ಕರೆತಂದದ್ದು ಇಲ್ಲಿಗೇ. ಅವರಿಗಾಗಿ ಮಗ್ಗುಲ ಗುಡ್ಡದ ಮೇಲೆ ಹೊಸ ವಸತಿಗಳೆದ್ದವು. ಅದೇ ದಶಕದಲ್ಲಿ ವಿದೇಶಗಳಿಂದ ನೇರವಾಗಿ ಗೊತ್ತುಪಡಿಸಿದ ವಿಮಾನಗಳು ದಾಬೋಳಿಗೆ ಇಳಿಯತೊಡಗಿದವು; ಗೋವೆಯಲ್ಲಿ ಪ್ರತಿಭಟನೆಗಳೂ ಆದವು. ಕೊಂಕಣ ರೈಲ್ವೆ ೧೯೯೮ರ ಜನವರಿಯಲ್ಲಿ ಪೂರ್ತಿಯಾದ ಮೇಲೆ ನಮ್ಮಂಥ ಸಂಬಳದವರ ಸರದಿ ಬಂದಿತು.

ಈ ನಡುವೆ ಮೀನುಗಾರನು ಎರಡು ಕಡೆಯಿಂದ ಇಕ್ಕಟ್ಟಿಗೆ ಸಿಕ್ಕಿದನು. ಅವನ ರಾಂಪಣಿ ಬಲೆಯನ್ನು ದಡದಿಂದ ಎಳೆಯಲು ಹತ್ತಾರು ಜನ ಬೇಕು, ಉದ್ದನೆಯ ತೆರಪಾದ ಮರಳು ಬೇಕು. ನಮ್ಮ ಕಾರವಾರ, ಮಲ್ಪೆಗಳ ಕಡೆಯವರಿಗೆ ಈ ಬಲೆಯ ಪರಿಚಯ ಮಾಡಿಸಬೇಕಾಗಿಲ್ಲ. ಕಡಲಿನೊಳಗಿಂದ ಯಾಂತ್ರಿಕ ದೋಣಿಗಳು ದಡದ ಹತ್ತಿರದ ಮೀನನ್ನೇ ಬಾಚತೊಡಗಿದಾಗ, ಎಪ್ಪತ್ತರ ದಶಕದಲ್ಲಿ ರಾಂಪಣಕಾರರು ಮತಾನಿ ಸಲ್ಡಾನ್ಹಾರ ಮುಂದಾಳುತನದಲ್ಲಿ ಚಳವಳಿ ಹೂಡಿದರು. ೧೯೮೦ರಲ್ಲಿ ಮೀನುಗಾರಿಕೆಯ ನಿಯಂತ್ರಣಕ್ಕೆ ಶಾಸನವಾಯಿತು. ದಡದ ಮೇಲೆ ಹೋಟೆಲುಗಳ ಬೇಲಿ ಬೆಳೆಯಿತು. ಬಲೆ ಹರಡುವ ಜಾಗದಲ್ಲಿ ಆರಾಮಕುರ್ಚಿ ಬಂದಿತು.

ಸರ್ಕಾರಕ್ಕೆ ಇದು ಕಾಣಲಿಲ್ಲವೆಂದಲ್ಲ. ೧೯೮೧ರ ನವೆಂಬರಿನಲ್ಲಿಯೇ ಪ್ರಧಾನಿ ಇಂದಿರಾ ಗಾಂಧಿಯವರು ಕಡಲತೀರದ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಉಬ್ಬರದ ಗೆರೆಯಿಂದ ೫೦೦ ಮೀಟರು ದಂಡೆಯನ್ನು ತೆರಪಾಗಿಡಬೇಕೆಂದು ಸೂಚಿಸಿದ್ದರು. ಪತ್ರಕ್ಕೆ ಕಾಯಿದೆಯ ಬಲವಿರಲಿಲ್ಲ. ಅದು ಬಂದದ್ದು ೧೯೯೧ರ ಫೆಬ್ರವರಿ ೧೯ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಿಂದ. ಅದರಲ್ಲಿ ೫೦೦ ಮೀಟರು ನಿಯಂತ್ರಣದ ವಲಯವಾಗಿ ಉಳಿಯಿತು. ಆದರೆ ಹಳ್ಳಿಗಾಡಿನ ದಂಡೆಯಲ್ಲಿ ಕಟ್ಟಡ ಕಟ್ಟಲೇಬಾರದೆಂಬ ಪಟ್ಟಿ ೨೦೦ ಮೀಟರಿಗೆ ನಿಂತಿತು. ೧೯೯೪ರಲ್ಲಿ ಇದನ್ನು ಸಡಿಲಿಸಹೊರಟಾಗ ಸುಪ್ರೀಂ ಕೋರ್ಟು ೧೯೯೬ರಲ್ಲಿ ಮುಖ್ಯ ತಿದ್ದುಪಡಿಗಳನ್ನು ತಳ್ಳಿಹಾಕಿತು. ೨೦೧೯ರ ಜನವರಿಯ ಅಧಿಸೂಚನೆಯಾದರೋ, ಚದರ ಕಿಲೋಮೀಟರಿಗೆ ೨,೧೬೧ಕ್ಕಿಂತ ಹೆಚ್ಚು ಜನರಿರುವ ಹಳ್ಳಿಗಾಡಿನ ದಂಡೆಯಲ್ಲಿ ಆ ಪಟ್ಟಿಯನ್ನು ೫೦ ಮೀಟರಿಗೆ ಇಳಿಸಿತು. ಉಳಿದ ಹಳ್ಳಿಗಾಡಿಗೆ ೨೦೦ ಹಾಗೆಯೇ ಉಂಟು. ಐನೂರು, ಇನ್ನೂರು, ಐವತ್ತು. ನನ್ನ ಮೇಜಿನ ಮೇಲೆ ಯಾವ ಗಿರಾಕಿಯ ಖಾತೆಯಾದರೂ ಹೀಗೆ ಇಳಿಯುತ್ತ ಬಂದರೆ ಮ್ಯಾನೇಜರರ ಗಮನಕ್ಕೆ ತರುವುದು ನನ್ನ ಕರ್ತವ್ಯ. ದಟ್ಟವಾಗಿ ನೆಲೆಸಿದ ಮೀನುಗಾರನಿಗೂ ಮನೆ ರಿಪೇರಿಯ ಅನುಕೂಲ ಬೇಡವೇ ಎಂದು ಕೇಳುವವರುಂಟು, ಬೇಕು, ನಿಜ. ಆದರೆ ಅನುಕೂಲ ಮೊದಲು ಯಾರಿಗೆ ಒದಗುತ್ತದೆಂಬುದನ್ನು ಹಿಂದಿನ ಪುಟಗಳಲ್ಲಿ ನೋಡಬಹುದು.

ಇನ್ನೊಂದು ಖಾತೆಯನ್ನು ಹೇಳದೆ ಬಿಟ್ಟರೆ ನಮ್ಮ ಸಂಚಿಕೆಯಲ್ಲಿ ಲೋಪವಾದೀತು. ಕಲಂಗೂಟದಲ್ಲಿ ನಾವು ಕುಳಿತಿದ್ದಾಗ ಮಣಿಸರ, ಗೆಜ್ಜೆಗಳನ್ನು ಹೊತ್ತ ಲಮಾಣಿ ಹೆಂಗಸೊಬ್ಬಳು ಬಂದಳು. ಮಗಳಿಗೆಂದು ಒಂದು ಸರಕ್ಕೆ ನಾನು ಹಿಂದಿಯಲ್ಲಿ ಚೌಕಾಶಿ ಮಾಡುತ್ತಿದ್ದೆ. ನನ್ನ ಹೆಂಡತಿ ಮೆಲ್ಲಗೆ, “ಇನ್ನೂ ಕಡಿಮಿಗೆ ಕೇಳ್ರಿ” ಎಂದಳು. ಆಕೆ ನಕ್ಕುಬಿಟ್ಟಳು. “ಕನ್ನಡದಾಗ ಕೇಳ್ರಿ ಅಣ್ಣಾ, ಹಿಂದಿಯೊಳಗ ರೇಟು ಹೆಚ್ಚೈತಿ!”

ಅನಂತರ ಚೌಕಾಶಿಗೆ ನಾಲಗೆ ಏಳಲಿಲ್ಲ. ಊರು ಗದಗಿನ ಕಡೆಗಂತೆ. “ಮಳಿ ಹತ್ತಿದ ಕೂಡಲೆ ಊರಿಗೆ ಹೋಗ್ತೇವ್ರಿ. ಬಿತ್ತಿದ್ದು ಬಂದ್ರ ಅಲ್ಲೇ, ಬರಲಿಲ್ಲಂದ್ರ ಮತ್ತಿಲ್ಲೇ.” ಹಿಂದೆ ಗೋವೆಯವರು ಮಳೆಗೆ ಮೊದಲು ಸಮುದ್ರ ಬಿಟ್ಟು ಊರು ಸೇರುತ್ತಿದ್ದರಲ್ಲ, ಅದೇ ಪಂಚಾಂಗ ಈಕೆಯದೂ, ಬಂದ ಕಾರಣ ಮಾತ್ರ ಬೇರೆ. ಬಿದಿರು ಗರಿಗಳ ತಾತ್ಕಾಲಿಕ ಉಪಾಹಾರ ಚಪ್ಪರಗಳಿಗೆ ಸರ್ಕಾರ ಚೀಟಿಯೆತ್ತಿ ಲೈಸೆನ್ಸು ಕೊಡುತ್ತದೆ. ಹೊತ್ತು ಮಾರುವವಳಿಗೆ ಅಂಥ ಚೀಟಿಯಿಲ್ಲ; ೨೦೦೧ರ ಪ್ರವಾಸಿ ಸ್ಥಳಗಳ ಶಾಸನದ ಪ್ರಕಾರ ಅದು ಉಪದ್ರವ.

ಸರದ ಹಣ ಎಣಿಸುತ್ತಿರುವಾಗಲೇ ದೂರದಲ್ಲಿ ಯಾರೋ ಸೀಟಿ ಊದಿದರು. ಆಕೆ ಗಂಟನ್ನು ಸೆರಗಿನೊಳಗೆ ಮರೆಮಾಡಿಕೊಂಡು, ಒದ್ದೆ ಮರಳಿನ ಮೇಲೆ ಬಾಗಾದ ಕಡೆಗೆ ಬೇಗಬೇಗ ನಡೆದುಹೋದಳು. ನನಗೆ ಬರಬೇಕಾಗಿದ್ದ ಇಪ್ಪತ್ತು ರೂಪಾಯಿ ಚಿಲ್ಲರೆ ಅವಳಲ್ಲಿಯೇ ಉಳಿಯಿತು. ಮರುದಿನ ಮಧ್ಯಾಹ್ನ ಅದನ್ನು ಕೊಡುವುದಕ್ಕೆಂದೇ ನಮ್ಮನ್ನು ಹುಡುಕಿಕೊಂಡು ಬಂದಳು.