ಔಷಧಚೀಟಿಯ ಮೇಲಣ ಷಿಲಿಂಗು

ಆರೋಗ್ಯನೀತಿಯ ಚರಿತ್ರೆಯನ್ನು ಬರೆಯುವಾಗ ಶಾಸನಗಳನ್ನೂ ಮಂತ್ರಿಗಳ ಭಾಷಣಗಳನ್ನೂ ಆಧಾರವಾಗಿ ಇಟ್ಟುಕೊಳ್ಳುವುದು ಸುಲಭ. ವೈದ್ಯನು ರೋಗಿಯ ಕೈಗೆ ಬರೆದುಕೊಟ್ಟ ಚೀಟಿಯು ಅಷ್ಟು ಬೇಗ ನಮ್ಮ ಗಮನಕ್ಕೆ ಬಾರದು. ಆದರೆ ಔಷಧದ ಹಣವನ್ನು ಯಾರು, ಯಾವ ಲೆಕ್ಕದಲ್ಲಿ ಕೊಡತಕ್ಕದ್ದು ಎಂಬ ನಿಯಮವು ಬದಲಾದಾಗ ಆ ಚೀಟಿಯ ಬರವಣಿಗೆಯೂ ಬದಲಾಗುತ್ತದೆಂಬುದನ್ನು ಬ್ರಿಟನ್ನಿನ ಉದಾಹರಣೆಯಿಂದ ಇಲ್ಲಿ ತೋರಿಸಬಯಸುತ್ತೇವೆ.

1911ರಲ್ಲಿ ಲಾಯ್ಡ್ ಜಾರ್ಜರು ತಂದ ರಾಷ್ಟ್ರೀಯ ವಿಮಾ ಶಾಸನದಂತೆ ಕಾರ್ಮಿಕನು ವಾರಕ್ಕೆ 4 ಪೆನ್ಸ್, ಮಾಲೀಕನು 3 ಪೆನ್ಸ್, ಸರಕಾರವು 2 ಪೆನ್ಸ್ ಸಲ್ಲಿಸಬೇಕಾಗಿತ್ತು. 1913ರ ಜನವರಿಯಿಂದ ವಿಮೆಯುಳ್ಳವನಿಗೆ ವೈದ್ಯನೂ ಔಷಧವೂ ದೊರೆತವು. ಅವನ ಹೆಂಡತಿಮಕ್ಕಳಿಗೆ ದೊರೆಯಲಿಲ್ಲ. ಈ ಏರ್ಪಾಡಿನಲ್ಲಿ ‘ತೇಲುವ ಆರು ಪೆನ್ಸ್’ ಎಂದು ಹೆಸರಾದ ಒಂದು ಮೊಬಲಗಿತ್ತು. ತಲೆಗೆ ಇಷ್ಟೆಂದು ಕಾದಿರಿಸಿದ ಆ ಹಣವು ಔಷಧಕ್ಕೆ ವೆಚ್ಚವಾಗದೆ ಉಳಿದರೆ ವೈದ್ಯರ ಪಾಲಾಗಬಹುದಾಗಿತ್ತು. ವೈದ್ಯನು ಎಷ್ಟೇ ಪ್ರಾಮಾಣಿಕನಾಗಿರಲಿ, ಅವನ ಲೇಖನಿಗೂ ಜೇಬಿಗೂ ಇಂತಹ ನಂಟನ್ನು ಕಲ್ಪಿಸಿದುದು ವಿವೇಕವೆಂದು ನಮಗೆ ತೋರುವುದಿಲ್ಲ.

1948ರ ಜುಲೈ 5ರಂದು ಆರಂಭವಾದ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ಔಷಧವು ಎಲ್ಲರಿಗೂ ಉಚಿತವಾಯಿತು. ಆದರೆ ಮರುವರ್ಷವೇ, ಸೇವೆಯ ನಿರ್ಮಾಪಕರಾದ ಅನ್ಯೂರಿನ್ ಬೆವನ್ನರು ಆರೋಗ್ಯಮಂತ್ರಿಗಳಾಗಿದ್ದಾಗಲೇ, ಔಷಧಚೀಟಿಗೆ ಶುಲ್ಕ ವಿಧಿಸುವ ಅಧಿಕಾರವನ್ನು ಶಾಸನವು ಸರಕಾರಕ್ಕೆ ಕೊಟ್ಟಿತು. ಕಟ್ಟುಹಲ್ಲು ಮತ್ತು ಕನ್ನಡಕಗಳ ಶುಲ್ಕವನ್ನು ಪ್ರತಿಭಟಿಸಿ 1951ರಲ್ಲಿ ರಾಜೀನಾಮೆ ಕೊಟ್ಟವರೂ ಇದೇ ಬೆವನ್ನರು! ಆ ಅಧಿಕಾರವನ್ನು ಬಳಸಿದುದು 1952ರ ಜೂನ್‌ನಲ್ಲಿ, ಕನ್ಸರ್ವೇಟಿವ್ ಸರಕಾರ.

ನಮ್ಮ ವಿಷಯದ ತಿರುಳು ಇಲ್ಲಿದೆ. 1952ರ ಶುಲ್ಕವು ಚೀಟಿಯೊಂದಕ್ಕೆ 1 ಷಿಲಿಂಗು. ಒಂದೇ ಚೀಟಿಯಲ್ಲಿ ಎರಡು ಮೂರು ಔಷಧಗಳನ್ನು ಬರೆದರೂ ರೋಗಿಯು ತೆರಬೇಕಾದುದು ಅಷ್ಟೇ. 1956ರ ಡಿಸೆಂಬರಿನಿಂದ ಚೀಟಿಯಲ್ಲಿನ ಒಂದೊಂದು ಔಷಧಕ್ಕೂ 1 ಷಿಲಿಂಗು ಎಂದಾಯಿತು. ಹಲವು ಔಷಧಗಳನ್ನು ನಿತ್ಯವೂ ಸೇವಿಸಬೇಕಾದ ದೀರ್ಘರೋಗಿಗಳಿಗೇ ಈ ಭಾರವು ಹೆಚ್ಚಾಗಿ ತಟ್ಟಿತು. ವೈದ್ಯರು ಕಂಡುಕೊಂಡ ಉಪಾಯ ಸರಳವಾದುದು: ಪ್ರತಿಯೊಂದು ಔಷಧವನ್ನೂ ಹೆಚ್ಚು ದಿನಗಳಿಗೆ ಸಾಲುವಷ್ಟು ಬರೆಯತೊಡಗಿದರು. ಬರೆದ ಔಷಧಗಳ ಸಂಖ್ಯೆ ಇಳಿಯಿತು, ಒಂದೊಂದರ ಪ್ರಮಾಣ ಏರಿತು. ಆದಕಾರಣ ಆ ವರ್ಷಗಳ ಸಂಖ್ಯೆಯ ಇಳಿತವನ್ನು ಕಂಡು ಔಷಧಸೇವನೆಯೂ ಅಷ್ಟೇ ಇಳಿಯಿತೆಂದು ತೀರ್ಮಾನಿಸುವ ಚರಿತ್ರಕಾರನು ಮೋಸಹೋಗುತ್ತಾನೆ. ಹೀಗೆ ದಯೆಯಿಂದ ಬರೆದ ದೊಡ್ಡ ಸೀಸೆಯು, ನಡುವೆ ಔಷಧ ಬದಲಾದರೆ, ಅರ್ಧ ತುಂಬಿದಂತೆಯೇ ಮನೆಯ ಗೂಡಿನಲ್ಲಿ ಉಳಿಯುವುದೂ ಉಂಟು. ಮಿತವ್ಯಯದ ಲೆಕ್ಕದಲ್ಲಿ ಅದಕ್ಕೆ ಜಾಗವಿಲ್ಲ.

1961ರಲ್ಲಿ ಶುಲ್ಕವು 2 ಷಿಲಿಂಗಿಗೆ ಏರಿತು. 1965ರ ಫೆಬ್ರವರಿಯಲ್ಲಿ ಲೇಬರ್ ಸರಕಾರವು ಅದನ್ನು ರದ್ದುಗೊಳಿಸಲು, ಔಷಧಗಳ ಸಂಖ್ಯೆ ಒಡನೆಯೇ ಮೇಲೇರಿತು. ಅದೇ ಸರಕಾರ 1968ರ ಜೂನ್‌ನಲ್ಲಿ ಔಷಧವೊಂದಕ್ಕೆ 2 ಷಿಲಿಂಗು 6 ಪೆನ್ಸಿನಂತೆ ಶುಲ್ಕವನ್ನು ಮರಳಿ ತಂದಿತು. ಆದರೆ ಈ ಬಾರಿ ಮಕ್ಕಳು, ವೃದ್ಧರು, ಗರ್ಭಿಣಿಯರು ಹಾಗೂ ಕೆಲವು ದೀರ್ಘರೋಗಿಗಳಿಗೆ ವಿನಾಯಿತಿ ದೊರೆಯಿತು.

ವೇಲ್ಸ್ 2007ರಲ್ಲಿ, ಉತ್ತರ ಐರ್ಲೆಂಡು 2010ರಲ್ಲಿ, ಸ್ಕಾಟ್ಲೆಂಡು 2011ರಲ್ಲಿ ಈ ಶುಲ್ಕವನ್ನು ತೆಗೆದುಹಾಕಿದವು. ಇಂಗ್ಲೆಂಡಿನಲ್ಲಿ ಅದು ಉಳಿದಿದೆ; 1968ರ ರೋಗಗಳ ಪಟ್ಟಿಯೂ ಬಹುಮಟ್ಟಿಗೆ ಹಾಗೆಯೇ ಉಳಿದಿದೆ. ಔಷಧ ಬೇಕಾಗುವ ಮಧುಮೇಹ ಅದರಲ್ಲಿದೆ, ಅಪಸ್ಮಾರವಿದೆ. ಕ್ಯಾನ್ಸರ್ 2009ರಲ್ಲಿ ಸೇರಿತು. ಉಬ್ಬಸವು ಇನ್ನೂ ಸೇರಿಲ್ಲ.