ಸಾಕುಪ್ರಾಣಿಗಳ ಉಪಶಾಮಕ ಆರೈಕೆ
ಗುಣವಾಗದ ರೋಗಕ್ಕೆ ತುತ್ತಾದ ಪ್ರಾಣಿಯ ಆಯುಷ್ಯವನ್ನು ಎಳೆಯುವುದಕ್ಕಿಂತ ನೋವು ತಗ್ಗಿಸುವುದಕ್ಕೆ ಒತ್ತುಕೊಡುವ ಪಶುವೈದ್ಯ ಕ್ರಮ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದಲ್ಲಿ ದನದ ದವಾಖಾನೆ ಎಂದರೆ ಮೊದಲು ಎಮ್ಮೆ, ಆಕಳು, ಎತ್ತು. ನಾಯಿ, ಬೆಕ್ಕಿನ ಸರದಿ ಆಮೇಲೆ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕಾಲೇಜೊಂದು ಅಥಣಿ ತಾಲ್ಲೂಕಿನ ಕೊಕಟನೂರಿನಲ್ಲಿದೆ. ಸಂಚಾರಿ ಪಶುಚಿಕಿತ್ಸೆಗೆ 1962 ಸಂಖ್ಯೆಗೆ ಕರೆ ಮಾಡಬಹುದು.

ಚಿಕಿತ್ಸೆ ಎಲ್ಲಿಯವರೆಗೆ ಎಂಬುದಕ್ಕೆ ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೋಬೋಸ್ 2004ರಲ್ಲಿ ಒಂದು ಮಾಪಕ ಕೊಟ್ಟರು: ನೋವು, ಹಸಿವು, ನೀರಿನಂಶ, ಶುಚಿತ್ವ, ಉಲ್ಲಾಸ, ನಡೆದಾಟ, ಒಳ್ಳೆಯ ದಿನಗಳ ಪಾಲು, ಒಂದೊಂದಕ್ಕೂ 10 ಅಂಕ. ಒಟ್ಟು 35 ದಾಟಿದರೆ ಆರೈಕೆ ಮುಂದುವರಿಸಬಹುದು. ಅಂಕಕ್ಕಿಂತ ಮನೆಯವರ ಕಣ್ಣೇ ಹೆಚ್ಚು ಹೇಳುತ್ತದೆ: ಮುದಿ ನಾಯಿ ರೊಟ್ಟಿ ಮೂಸಿ ಮುಖ ತಿರುವಿದರೆ, ಮಲಗಿದಲ್ಲೇ ಮೂತ್ರ ಮಾಡಿಕೊಂಡರೆ ವೈದ್ಯರೊಡನೆ ಮಾತಾಡುವ ಹೊತ್ತು ಬಂದಂತೆ.

ಬದುಕಿಸಿಡುವುದೇ ಕ್ರೌರ್ಯವೆನಿಸುವ ಸ್ಥಿತಿಯಲ್ಲಿ ಪ್ರಾಣಿಯ ಜೀವ ಕೊನೆಗಾಣಿಸಲು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 13ನೇ ಕಲಮು ಅವಕಾಶ ಕೊಡುತ್ತದೆ. ಅದು ವೈದ್ಯರ ಕೆಲಸ, ಮನೆಮದ್ದಿನದಲ್ಲ. ನೋವಿಗೆಂದು ಮನುಷ್ಯರ ಗುಳಿಗೆ ಕೊಡಬಾರದು; ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ.